ಪದವಿಯನ್ನಲ್ಲ, ವಾಕ್ಯವನ್ನು ನೋಡಿ

ಆರೋಗ್ಯ ಪುರವಣಿಯ ಕೆಲಸಕ್ಕೆ ಹೊಸದಾಗಿ ಬರುವ ಉಪಸಂಪಾದಕರಿಗೆ ನಾನು ಮೊದಲು ಓದಿಸುವುದು ಒಂದು ಹಳೆಯ ಪಟ್ಟಿಯನ್ನು. ಅಮೆರಿಕದ ಮಿಷಿಗನ್ ರಾಜ್ಯದ ಡಾ. ಜಾನ್ ಹಾರ್ವೆ ಕೆಲಾಗ್ 1877ರಲ್ಲಿ ಪ್ರಕಟಿಸಿ, ಆಮೇಲೆ ಹಿಗ್ಗಿಸುತ್ತಲೇ ಹೋದ ‘ಪ್ಲೇನ್ ಫ್ಯಾಕ್ಟ್ಸ್’ ಪುಸ್ತಕದ ಪಟ್ಟಿ ಅದು. ಹಸ್ತಮೈಥುನದ ಅಭ್ಯಾಸವಿರುವ ಮಕ್ಕಳನ್ನು ಹಿಡಿಯುವುದು ಹೇಗೆಂದು ತಂದೆತಾಯಿಯರಿಗೆ ಹೇಳಿಕೊಡುತ್ತದೆ. ಮೊಡವೆ, ಬಾಗಿದ ಭುಜ, ಉಗುರು ಕಚ್ಚುವುದು, ಮಸಾಲೆಯ ಚಪಲ, ಬಳಪ ತಿನ್ನುವುದು. ಬಳಪಕ್ಕೆ ಬಂದಾಗ ಎಲ್ಲರೂ ನಗುತ್ತಾರೆ. ನಮ್ಮ ಊರಿನ ಒಂದನೇ ತರಗತಿ ಪೂರ್ತಿ ಸಿಕ್ಕಿಬೀಳುತ್ತಿತ್ತು.

ನಗು ಮುಗಿದ ಮೇಲೆ ಎರಡು ಲಕ್ಷಣಗಳಿಗೆ ಗೆರೆ ಎಳೆಯಲು ಹೇಳುತ್ತೇನೆ: ನಾಚಿಕೆ ಮತ್ತು ಅತಿಯಾದ ದಿಟ್ಟತನ. ಎರಡೂ ಅದೇ ಪಟ್ಟಿಯಲ್ಲಿವೆ. ಹುಡುಗ ತಲೆ ತಗ್ಗಿಸಿದರೂ ತಪ್ಪಿತಸ್ಥ, ಎತ್ತಿದರೂ ತಪ್ಪಿತಸ್ಥ. ಯಾವ ಮಗುವನ್ನು ತಂದು ನಿಲ್ಲಿಸಿದರೂ ಇಂಥ ಮಾತು ಸೋಲುವುದಿಲ್ಲ. ನಮ್ಮ ಮೇಜಿಗೆ ಬರುವ ಎಷ್ಟೋ ಲೇಖನಗಳ ಜೀವಾಳವೂ ಇದೇ.

ಕೆಲಾಗ್ ನಕಲಿ ವೈದ್ಯನಾಗಿದ್ದರೆ ನನ್ನ ಪಾಠ ಸುಲಭವಾಗಿರುತ್ತಿತ್ತು. ಆತ 1875ರಲ್ಲಿ ನ್ಯೂಯಾರ್ಕಿನ ಬೆಲ್ವ್ಯೂ ವೈದ್ಯಕೀಯ ಕಾಲೇಜಿನಲ್ಲಿ ಪದವಿ ಪಡೆದವರು, ನುರಿತ ಶಸ್ತ್ರಚಿಕಿತ್ಸಕ, ಬ್ಯಾಟಲ್ ಕ್ರೀಕ್‌ನ ಪ್ರಸಿದ್ಧ ಆರೋಗ್ಯಧಾಮದ ಮುಖ್ಯಸ್ಥ. ತಂಬಾಕು ಕೆಟ್ಟದ್ದು, ನಾರಿರುವ ಧಾನ್ಯ ತಿನ್ನಿ, ಮೈಗೆ ವ್ಯಾಯಾಮ ಕೊಡಿ ಎಂದರು. ಇದರಲ್ಲಿ ಯಾವುದಕ್ಕೂ ನಾನು ಕತ್ತರಿ ಹಾಕಲಾರೆ. ಅದೇ ಲೇಖನಿ ಮಾಂಸ ಮತ್ತು ಮಸಾಲೆ ಕಾಮವನ್ನು ಕೆರಳಿಸುತ್ತವೆ ಎಂದಿತು. ಅವರಿಗಿಂತ ಮೊದಲೇ ಸಿಲ್ವೆಸ್ಟರ್ ಗ್ರಹಾಂ ಎಂಬ ಪಾದ್ರಿ ಊರೂರು ತಿರುಗಿ ಹೇಳಿದ್ದ ಮಾತು ಅದು. ಕೆಲಾಗ್ ಇನ್ನೂ ಮುಂದೆ ಹೋಗಿ, ಹುಡುಗರಿಗೆ ಅರಿವಳಿಕೆಯಿಲ್ಲದೆ ಸುನ್ನತಿ ಮಾಡಬೇಕು, ಹುಡುಗಿಯರ ಗುಪ್ತಾಂಗಕ್ಕೆ ಕಾರ್ಬಾಲಿಕ್ ಆಮ್ಲ ಹಚ್ಚಬೇಕು ಎಂದೂ ಬರೆದರು. ಇಲ್ಲಿಗೆ ಬಂದಾಗ ಯಾರೂ ನಗುವುದಿಲ್ಲ.

ಹಾಗಾಗಿ ನಮ್ಮಲ್ಲಿ ಲೇಖಕರ ಹೆಸರು, ಪದವಿ ಎರಡನ್ನೂ ತೆಗೆದು ಕರಡನ್ನು ಓದುವ ಪದ್ಧತಿ ಇಟ್ಟಿದ್ದೇನೆ. ರಾಗಿಯಲ್ಲಿ ಕ್ಯಾಲ್ಸಿಯಂ ಹೇರಳ ಎಂಬ ವಾಕ್ಯ ಉಳಿಯುತ್ತದೆ. ಈರುಳ್ಳಿ, ಬೆಳ್ಳುಳ್ಳಿ ಬಿಟ್ಟರೆ ವೀರ್ಯ ಉಳಿದು ಬುದ್ಧಿ ಚುರುಕಾಗುತ್ತದೆ ಎಂಬ ಅದರ ಪಕ್ಕದ ವಾಕ್ಯ ಹೋಗುತ್ತದೆ. ಹೀಗೆ ವಾಕ್ಯ ಕಳೆದುಕೊಂಡ ಹಿರಿಯರೊಬ್ಬರು ಫೋನ್ ಮಾಡಿ, ‘ನನ್ನ ಅನುಭವಕ್ಕೆ ಬೆಲೆಯಿಲ್ಲವೇ?’ ಎಂದು ಸಿಟ್ಟಾದರು. ‘ಇದೆ ಸರ್. ಬಿಟ್ಟರೂ ಬುದ್ಧಿ ಚುರುಕಾಗದವರನ್ನು ಎಲ್ಲಿ ಬರೆದಿಟ್ಟಿದ್ದೀರಿ?’ ಎಂದು ಕೇಳಿದೆ. ಉತ್ತರ ಬರಲಿಲ್ಲ. ಆಮೇಲೂ ಅವರು ಬರೆಯುತ್ತಿದ್ದಾರೆ, ರಾಗಿಯ ಬಗ್ಗೆಯೇ.

ಒಂದು ವಾಕ್ಯಕ್ಕೆ ಇಷ್ಟು ಜಗಳವೇಕೆ ಎನ್ನುವವರಿಗೆ ನಮ್ಮ ಪ್ರಶ್ನೋತ್ತರ ಅಂಕಣಕ್ಕೆ ಬರುವ ಪತ್ರಗಳನ್ನು ತೋರಿಸುತ್ತೇನೆ. ‘ಧಾತು ಹೋಗುತ್ತಿದೆ, ಸುಸ್ತು, ಮದುವೆಗೆ ಭಯ’ ಎಂದು ಹುಡುಗರು ಹೆಸರು ಹಾಕದೆ ಬರೆಯುತ್ತಾರೆ. ಮನೋವೈದ್ಯ ಡಾ. ಎನ್. ಎನ್. ವಿಗ್ 1960ರಲ್ಲೇ ಇದಕ್ಕೆ ‘ಧಾತು ಸಿಂಡ್ರೋಮ್’ ಎಂದು ಹೆಸರಿಟ್ಟರು. ವೀರ್ಯ ಹೋಗುವುದರಿಂದ ಶಕ್ತಿ ಸೋರುವುದಿಲ್ಲ. ಸೋರುತ್ತಿದೆ ಎಂಬ ನಂಬಿಕೆ ಮಾತ್ರ ಮನುಷ್ಯನನ್ನು ಹಣ್ಣು ಮಾಡುತ್ತದೆ. ಆ ನಂಬಿಕೆಗೆ ನಮ್ಮ ಪುಟದಿಂದ ಒಂದು ಸಾಲಿನ ಗೊಬ್ಬರವೂ ಬೀಳಬಾರದು.

ಕತ್ತರಿ ಇನ್ನೊಂದು ಕಡೆಗೂ ಆಡಬೇಕು. ಹಸ್ತಮೈಥುನ ತಡೆಯಲೆಂದೇ ಕೆಲಾಗ್ ಕಾರ್ನ್‌ಫ್ಲೇಕ್ಸ್ ಕಂಡುಹಿಡಿದರಂತೆ ಎಂಬ ಲೇಖನ ಮತ್ತೆ ಮತ್ತೆ ಬರುತ್ತದೆ, ಬರೆದವರೆಲ್ಲ ವಿಜ್ಞಾನದ ಪರವಾದವರೇ. ಸಪ್ಪೆ ಊಟ ಕಾಮವನ್ನು ತಣಿಸುತ್ತದೆ ಎಂದು ಕೆಲಾಗ್ ನಂಬಿದ್ದು ನಿಜ. ಆದರೆ ಆ ಹಪ್ಪಳದಂಥ ಚೂರುಗಳು 1894ರಲ್ಲಿ ಹುಟ್ಟಿದ್ದು ಆರೋಗ್ಯಧಾಮದ ರೋಗಿಗಳಿಗೆ ಸುಲಭವಾಗಿ ಜೀರ್ಣವಾಗುವ ತಿಂಡಿಯ ಹುಡುಕಾಟದಲ್ಲಿ. ಮೊದಲು ಚೂರಾಗಿದ್ದು ಗೋಧಿ, ಮೆಕ್ಕೆಜೋಳ ಆಮೇಲೆ. ಇದನ್ನು ತೆಗೆದಾಗ ಯುವ ಬರಹಗಾರ್ತಿಯೊಬ್ಬರು, ‘ಮೇಡಂ, ಆ ಸಾಲು ಹೋದರೆ ನನ್ನ ಲೇಖನದಲ್ಲಿ ಉಳಿಯುವುದೇನು?’ ಎಂದರು. ಕೆಲಾಗ್ ಅವರ ತಮ್ಮ ವಿಲ್ ಕೀತ್ ಚೂರುಗಳಿಗೆ ಸಕ್ಕರೆ ಬೆರೆಸಿ, 1906ರಲ್ಲಿ ಕಂಪನಿ ತೆರೆದು, ಅಣ್ಣನೊಡನೆ ವರ್ಷಗಟ್ಟಲೆ ಕೋರ್ಟಿಗೆ ಅಲೆದ ಕತೆ ಉಳಿದಿತ್ತು. ಅದನ್ನೇ ಬೆಳೆಸಿ ಬರೆಸಿ, ಮುಂದಿನ ವಾರ ಹಾಕಿದೆವು.