ಆನೆ ಲದ್ದಿಯ ಅಂಕಿ ಎಲ್ಲಿ ಕೆಡುತ್ತದೆ

ಕಾಡಾನೆ ಏನು ತಿಂದಿತು, ಅದರಲ್ಲಿ ಎಷ್ಟು ಮೈಗೆ ಹತ್ತಿತು, ಆನೆ ಎಷ್ಟು ಒತ್ತಡದಲ್ಲಿದೆ ಎಂದು ತಿಳಿಯಲು ಬಹುಮಟ್ಟಿಗೆ ನಂಬಬೇಕಾದದ್ದು ಲದ್ದಿಯನ್ನೇ. ಅರಿವಳಿಕೆ ಕೊಟ್ಟು ರಕ್ತ ತೆಗೆಯುವುದು ಆನೆಗೆ ಅಪಾಯ. ಅದೂ ಅಲ್ಲದೆ ಆ ಗಾಬರಿಗೇ ಒತ್ತಡದ ಹಾರ್ಮೋನಾದ ಕಾರ್ಟಿಸಾಲ್ ಏರಿಬಿಡುವುದರಿಂದ ಬಂದ ಅಂಕಿಯೂ ಕೆಲಸಕ್ಕೆ ಬಾರದು. ನಾಗರಹೊಳೆ, ಬಂಡೀಪುರದಂಥ ಕಡೆ ಈ ಕೆಲಸಕ್ಕೆ ಹೊಸದಾಗಿ ಬರುವವರು ಮೊದಲು ತಿಳಿಯಬೇಕಾದದ್ದು ಇಷ್ಟು: ಪ್ರಯೋಗಾಲಯದಲ್ಲಿ ಆದ ತಪ್ಪನ್ನು ಇನ್ನೊಮ್ಮೆ ಪರೀಕ್ಷೆ ಮಾಡಿ ತಿದ್ದಬಹುದು, ಲದ್ದಿ ಎತ್ತುವಾಗ ಆದ ತಪ್ಪನ್ನು ತಿದ್ದಲು ಆಗುವುದಿಲ್ಲ.

ಲೆಕ್ಕ ಒಂದು ಅಂದಾಜಿಗೆ ಹೀಗಿದೆ. ಮೂರು ಟನ್ ತೂಗುವ ಹೆಣ್ಣಾನೆ ದಿನಕ್ಕೆ ತನ್ನ ತೂಕದ ಶೇ. 1.5ರಷ್ಟು, ಅಂದರೆ 45 ಕೆ.ಜಿ. ಒಣಪದಾರ್ಥ ತಿನ್ನುತ್ತದೆ. ಮೇವಿನಲ್ಲಿ ಶೇ. 70 ನೀರಿದ್ದರೆ ಅದು 150 ಕೆ.ಜಿ. ಹಸಿ ಹುಲ್ಲು, ಸೊಪ್ಪು. ಹಸುವಿನಂತೆ ಇದು ಮೆಲುಕು ಹಾಕುವುದಿಲ್ಲ. ನಾರು ಹುದುಗುವುದು ದೊಡ್ಡ ಕರುಳಿನಲ್ಲಿ, ಮೇವು ಬೇಗನೆ ದಾಟಿಹೋಗುತ್ತದೆ, ಜೀರ್ಣವಾಗುವುದು ಶೇ. 40ರಿಂದ 45 ಮಾತ್ರ. ಉಳಿದ 25 ಕೆ.ಜಿ. ನೀರಿನೊಂದಿಗೆ ಸೇರಿ 100 ಕೆ.ಜಿ.ಗೂ ಮೀರಿದ ಲದ್ದಿಯಾಗುತ್ತದೆ. ಅಷ್ಟರಲ್ಲಿ ನಾವು ಎತ್ತುವುದು 350 ಗ್ರಾಂ. ಅದು ಎಲ್ಲಿಂದ ಬಂತು ಎನ್ನುವುದರ ಮೇಲೆ ಮುಂದಿನದೆಲ್ಲ ನಿಂತಿದೆ.

ಆನೆ ಲದ್ದಿ ಹಾಕಿದ್ದನ್ನು ಕಣ್ಣಾರೆ ಕಂಡು, ಅದು ದೂರ ಹೋದ ಮೇಲೆ ಎತ್ತಿದ್ದೇ ಒಳ್ಳೆಯ ಮಾದರಿ. ಹೊರಮೈ ಇನ್ನೂ ಲೋಳೆಯಾಗಿ ಹೊಳೆಯುತ್ತಿರಬೇಕು, ಒಳಗೆ ಬಿಸಿ ಇರಬೇಕು, ಸಗಣಿಹುಳು ಕೊರೆದಿರಬಾರದು. ಮಳೆಯಲ್ಲಿ ನೆಂದದ್ದು, ಮೂತ್ರ ಬಿದ್ದದ್ದು ಬೇಡ. ಹಾರ್ಮೋನು ಉಂಡೆಯೊಳಗೆ ಒಂದೇ ಸಮ ಹರಡಿರುವುದಿಲ್ಲ, ಆದ್ದರಿಂದ ಮೂರು ಉಂಡೆ ಒಡೆದು ನಡುಭಾಗ ತೆಗೆದು ಚೆನ್ನಾಗಿ ಕಲಸಬೇಕು. ಅದರಲ್ಲಿ 100 ಗ್ರಾಂ ಹಾರ್ಮೋನಿಗೆ, 250 ಗ್ರಾಂ ಪೋಷಕಾಂಶಕ್ಕೆ. ಚೀಟಿಯನ್ನು ಪೆನ್ಸಿಲ್‌ನಲ್ಲೇ ಬರೆಯಿರಿ. ಎಥನಾಲ್ ಒಂದು ತೊಟ್ಟು ತಾಗಿದರೂ ಮಾರ್ಕರ್ ಶಾಯಿ ಅಳಿಸಿಹೋಗುತ್ತದೆ, ಆಮೇಲೆ ಅದು ಯಾವ ಆನೆಯದೂ ಅಲ್ಲದ ಲದ್ದಿ.

ಹಾರ್ಮೋನಿನ ಪಾಲು ತಕ್ಷಣ ಐಸ್ ಡಬ್ಬಿಗೆ, ಅಲ್ಲಿಂದ ಮೈನಸ್ 20 ಡಿಗ್ರಿಗೆ ಹೋಗಬೇಕು. ಲದ್ದಿಯೊಳಗಿನ ಬ್ಯಾಕ್ಟೀರಿಯಾ ಸುಮ್ಮನಿರುವುದಿಲ್ಲ, ಹಾರ್ಮೋನಿನ ಅಂಶಗಳನ್ನು ಅವು ಬದಲಿಸುತ್ತಲೇ ಇರುತ್ತವೆ. ಪೋಷಕಾಂಶದ ಪಾಲನ್ನು ತೆಳುವಾಗಿ ಹರಡಿ 60 ಡಿಗ್ರಿ ಓವನ್ನಿನಲ್ಲಿ ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಬೇಕು. ಸಾಮಾನ್ಯವಾಗಿ 48ರಿಂದ 72 ಗಂಟೆ ಹಿಡಿಯುತ್ತದೆ. ಬೇಗ ಮುಗಿಯಲೆಂದು 100 ಡಿಗ್ರಿಗೆ ಏರಿಸುವವರಿದ್ದಾರೆ. ಆ ಶಾಖಕ್ಕೆ ಪ್ರೋಟೀನು ಸಕ್ಕರೆಯೊಂದಿಗೆ ಬೆಸೆದು ನಾರಿಗೆ ಅಂಟಿಕೊಳ್ಳುತ್ತದೆ. ಇದರ ಕೆಡುಕು ಏನೆಂಬುದು ಟ್ಯಾನಿನ್ (ಸೊಪ್ಪು, ತೊಗಟೆಯಲ್ಲಿನ ಒಗರು ಪದಾರ್ಥ) ವಿಷಯಕ್ಕೆ ಬಂದಾಗ ಗೊತ್ತಾಗುತ್ತದೆ.

ಎಲ್ಲಕ್ಕಿಂತ ಹೆಚ್ಚು ದಾರಿ ತಪ್ಪಿಸುವುದು ಮಣ್ಣು. ಜೀರ್ಣತೆಯನ್ನು ಲೆಕ್ಕ ಹಾಕುವುದು ಆಮ್ಲದಲ್ಲಿ ಕರಗದ ಬೂದಿಯಿಂದ, ಅಂದರೆ ಸಿಲಿಕಾದಿಂದ. ಅದು ಜೀರ್ಣವಾಗದೆ ಹಾಗೇ ಹೊರಬರುತ್ತದೆ. ಮೇವಿನಲ್ಲಿ ಶೇ. 4, ಲದ್ದಿಯಲ್ಲಿ ಶೇ. 7 ಇದ್ದರೆ, ಒಂದರಿಂದ 4/7 ಕಳೆದು ಜೀರ್ಣತೆ ಶೇ. 43. ಈಗ ಬೇಸಿಗೆಯಲ್ಲಿ ಆನೆ ಮೇಯುವುದನ್ನು ನೋಡಿ. ಹುಲ್ಲಿನ ಬುಡಕ್ಕೆ ಕಾಲುಗುರಿನಿಂದ ಒದ್ದು, ಸೊಂಡಿಲಲ್ಲಿ ಬೇರುಸಹಿತ ಕಿತ್ತು, ಮುಂಗಾಲಿಗೆ ನಾಲ್ಕು ಸಲ ಬಡಿದು ಮಣ್ಣು ಉದುರಿಸಿ ಬಾಯಿಗಿಡುತ್ತದೆ. ಎಷ್ಟು ಬಡಿದರೂ ಒಂದಿಷ್ಟು ಮಣ್ಣು ಹೊಟ್ಟೆಗೆ ಹೋಗುತ್ತದೆ. ಆ ಮಣ್ಣಿನಿಂದ ಲದ್ದಿಯ ಬೂದಿ ಶೇ. 9ಕ್ಕೆ ಏರಿತೆನ್ನಿ. ನೀವು ಮೇವಿನ ಮಾದರಿಯನ್ನು ಚೊಕ್ಕಟವಾಗಿ ತೊಳೆದು ಪರೀಕ್ಷಿಸಿದ್ದರೆ ಜೀರ್ಣತೆ ಶೇ. 56 ಎಂದು ಬರುತ್ತದೆ. ಒಣಹುಲ್ಲು ತಿಂದು ಸೊರಗುತ್ತಿರುವ ಆನೆ ಕಾಗದದ ಮೇಲೆ ಸೊಗಸಾಗಿ ಜೀರ್ಣಿಸಿಕೊಳ್ಳುತ್ತಿರುತ್ತದೆ! ಆದ್ದರಿಂದ ಮೇವನ್ನು ತೊಳೆಯಬಾರದು. ಆನೆ ಅರ್ಧ ತಿಂದು ಬಿಟ್ಟ ಹಿಡಿಯನ್ನೇ, ಬೇರಿನ ಮಣ್ಣಿನೊಂದಿಗೆ ತರಬೇಕು. ತಡಸಲು ಮರವಾದರೆ ಅದು ಸುಲಿದು ತಿಂದ ತೊಗಟೆಯಷ್ಟನ್ನೇ ತರಬೇಕು, ಕಟ್ಟಿಗೆಯನ್ನಲ್ಲ. ಉಪ್ಪುನೆಕ್ಕಿನ ಬಳಿ ಓಡಾಡುವ ಆನೆಗಳಿಗೆ ಇದೂ ಸಾಲದು. ಅವು ಮಣ್ಣನ್ನೇ ತಿನ್ನುತ್ತವೆ. ಅಂಥಲ್ಲಿ ಟೈಟಾನಿಯಂ ಅಳೆಯಿರಿ. ಅದು ಮಣ್ಣಿನಲ್ಲಿ ಧಾರಾಳ, ಗಿಡದಲ್ಲಿ ಅತ್ಯಲ್ಪ, ಹಾಗಾಗಿ ತಿಂದ ಮಣ್ಣಿನ ಪ್ರಮಾಣ ಸಿಗುತ್ತದೆ. ಸಾರಜನಕವನ್ನೂ ಬೂದಿ ಕಳೆದು ಉಳಿದ ಸಾವಯವ ಪದಾರ್ಥದ ಲೆಕ್ಕದಲ್ಲೇ ಕೊಡುವುದು ಲೇಸು.

ಲದ್ದಿಯಲ್ಲಿ ಸಾರಜನಕ ಹೆಚ್ಚಿದ್ದರೆ ಮೇವು ಒಳ್ಳೆಯದಿತ್ತು ಎನ್ನುವುದು ರೂಢಿ. ಹುಲ್ಲು ಮೇಯುವ ಕಾಲಕ್ಕೆ ಅದು ಸರಿ. ಆದರೆ ಸೊಪ್ಪು, ತೊಗಟೆ ಹೆಚ್ಚಾದಾಗ ಟ್ಯಾನಿನ್ ಪ್ರೋಟೀನನ್ನು ಕಟ್ಟಿ ಹಾಗೆಯೇ ಹೊರಗೆ ಹಾಕುತ್ತದೆ. ಲದ್ದಿಯಲ್ಲಿ ಸಾರಜನಕ ಏರುತ್ತದೆ, ಆನೆಗೆ ಮಾತ್ರ ಸಿಕ್ಕಿರುವುದಿಲ್ಲ. ಆ್ಯಸಿಡ್ ಡಿಟರ್ಜೆಂಟ್‌ನಲ್ಲಿ ಕುದಿಸಿ ಉಳಿದ ನಾರಿನಲ್ಲಿ ಸಿಕ್ಕಿಕೊಂಡ ಸಾರಜನಕವನ್ನು ಕೆಲ್ಡಾಲ್ ವಿಧಾನದಿಂದ ಅಳೆದು ಒಟ್ಟಿನಿಂದ ಕಳೆಯಬೇಕು. ಓವನ್ ಬಿಸಿ ಹೆಚ್ಚಿದ್ದರೆ ಶಾಖಕ್ಕೆ ಬೆಸೆದ ಸಾರಜನಕವೂ ಇಲ್ಲೇ ಬಂದು ಸೇರುತ್ತದೆ, ಎರಡನ್ನೂ ಬೇರ್ಪಡಿಸಲು ದಾರಿಯಿಲ್ಲ.

ಕಾರ್ಬನ್ ಐಸೊಟೋಪಿನಿಂದ, ಅಂದರೆ ಇಂಗಾಲದ ಭಾರ ಮತ್ತು ಹಗುರ ಪರಮಾಣುಗಳ ಅನುಪಾತದಿಂದ, ತಿಂದದ್ದು ಹುಲ್ಲೋ ಸೊಪ್ಪೋ ಎಂದು ಹೇಳಬಹುದು. ನಮ್ಮ ಕಾಡಿನ ಹುಲ್ಲು ಸುಮಾರು -12.5‰, ಸೊಪ್ಪು -27‰. ಲದ್ದಿ -20‰ ಬಂದರೆ ಅರ್ಧರ್ಧ. ಇಲ್ಲಿ ಬಿದಿರನ್ನು ಮರೆಯಬೇಡಿ. ಹುಲ್ಲಿನ ಕುಲದ್ದಾದರೂ ಅದರ ಅಂಕಿ ಸೊಪ್ಪಿನ ಕಡೆಗೆ, ಭತ್ತದ್ದೂ ಹಾಗೆಯೇ. ರಾಗಿ, ಜೋಳ, ಕಬ್ಬು ಹುಲ್ಲಿನ ಕಡೆಗೆ. ಹೊಲಕ್ಕೆ ನುಗ್ಗಿ ರಾಗಿ ತಿಂದ ಆನೆಯನ್ನೂ ಕಾಡಿನ ಹುಲ್ಲು ಮೇಯ್ದ ಆನೆಯನ್ನೂ ಇದೊಂದರಿಂದ ಗುರುತಿಸಲಾಗದು.

ಕಾರ್ಟಿಸಾಲ್ ಕಿಟ್ ತಂದು ಲದ್ದಿಗೆ ಹಾಕಬೇಡಿ. ಯಕೃತ್ತಿನಲ್ಲಿ ಒಡೆದು ಪಿತ್ತದ ಮೂಲಕ ಬರುವುದು ಕಾರ್ಟಿಸಾಲ್ ಅಲ್ಲ, ಅದರ ಚೂರುಗಳು. ಅವನ್ನು ಗುರುತಿಸುವ ಪ್ರತಿಕಾಯವೇ ಬೇಕು. ಅಂಕಿ ಹೇಳುವುದು ಇಂದಿನ ಮಾತಲ್ಲ, ಒಂದೆರಡು ದಿನ ಹಿಂದಿನದು. ಬೆಳಿಗ್ಗೆ ಪಟಾಕಿ ಹೊಡೆದು ಓಡಿಸಿದ್ದಕ್ಕೆ ಸಂಜೆಯ ಲದ್ದಿಯನ್ನು ಸಾಕ್ಷಿ ಮಾಡಬಾರದು. ಹಾಸನದ ಕಡೆ ಬೆಳೆ ತಿನ್ನುವ ಆನೆಗಳಲ್ಲಿ ಈ ಚೂರುಗಳ ಮಟ್ಟ ಕಾಡಿನ ಆನೆಗಳಿಗಿಂತ ಕಡಿಮೆ ಇದ್ದದ್ದು 2019ರಲ್ಲಿ ಪ್ರಕಟವಾಯಿತು. ಅವುಗಳ ಲದ್ದಿಯಲ್ಲಿ ಇಂಗಾಲಕ್ಕೆ ಹೋಲಿಸಿದರೆ ಸಾರಜನಕವೂ ಹೆಚ್ಚಿತ್ತು. ಜನರ ನಡುವಿನ ಆನೆ ಸದಾ ಒತ್ತಡದಲ್ಲಿರುತ್ತದೆ ಎಂದು ಮೊದಲೇ ತೀರ್ಮಾನಿಸಿದವರಿಗೆ ಈ ಫಲಿತಾಂಶ ಕೈಗೆ ಸಿಗುತ್ತಿರಲಿಲ್ಲ. ಹಾರ್ಮೋನು, ಮೇವು ಎರಡನ್ನೂ ಅದೇ ಲದ್ದಿಯಲ್ಲಿ ಅಳೆದದ್ದರಿಂದ ಸಿಕ್ಕಿತು.

ಅದೇ ದಿನ ಆ ಆನೆಯ ಹಿಂಬದಿಯ ಮತ್ತು ಪಕ್ಕದ ಫೋಟೊ ತೆಗೆಯಿರಿ. ಪಕ್ಕೆಲುಬು, ಬೆನ್ನುಮೂಳೆ, ಸೊಂಟದ ಮೂಳೆ ಎಷ್ಟು ಎದ್ದು ಕಾಣುತ್ತವೆ ಎಂಬುದರಿಂದ ಮೈಕಟ್ಟಿಗೆ ಅಂಕ ಕೊಡಬಹುದು. ಫೋಟೊದ ಸಂಖ್ಯೆಯನ್ನು ಅಲ್ಲೇ ನಿಂತು, ಚೀಟಿಯ ಮೇಲೆ ಬರೆದುಬಿಡಿ.