ತಟ್ಟಿ ನೋಡಪ್ಪ

ನಮ್ಮ ಮೆಡಿಸಿನ್ ಮೇಷ್ಟ್ರು ಹೋದ ತಿಂಗಳು ತೀರಿಕೊಂಡರು. ಅಂದಿನಿಂದ ಹಳೆಯ ವಾರ್ಡು ಕಣ್ಣ ಮುಂದೆಯೇ ಇದೆ.

ಮೊದಲ ವರ್ಷದ್ದು ಅಂತ ನೆನಪಿರುವುದು ಹೆಣ ಕೆಡದಂತೆ ಇಡುವ ಫಾರ್ಮಲಿನ್ ವಾಸನೆ, ರಾತ್ರಿಯೆಲ್ಲ ಬಾಯಿಪಾಠ ಮಾಡಿದ 206 ಮೂಳೆಗಳು, ಅಷ್ಟೇ. ಮೇಷ್ಟ್ರು ಕಲಿಸಿದ್ದು ಮಾತ್ರ ಬೆರಳಿನಲ್ಲಿ ಉಳಿದಿದೆ.

ಮೊದಲು ಮಾತಾಡಿಸು. ಆಮೇಲೆ ನೋಡು, ಮುಟ್ಟು, ತಟ್ಟು. ಸ್ಟೆತಸ್ಕೋಪ್ ಕೊನೆಗೆ. ಇದು ಅವರ ಕ್ರಮ. ಎಡಗೈ ನಡುಬೆರಳನ್ನು ರೋಗಿಯ ಬೆನ್ನಿಗೆ ಒತ್ತಿ, ಬಲಗೈ ನಡುಬೆರಳಿನಿಂದ ಅದರ ಮೇಲೆ ತಟ್ಟಬೇಕು. ಮಣಿಕಟ್ಟು ಮಾತ್ರ ಆಡಬೇಕು. ವಿಯೆನ್ನಾದ ವೈದ್ಯ ಔಎನ್‌ಬ್ರುಗರ್ ಎದೆ ತಟ್ಟಿ ನೋಡುವ ವಿದ್ಯೆಯ ಬಗ್ಗೆ 1761ರಲ್ಲೇ ಬರೆದಿದ್ದರು. ಸ್ಟೆತಸ್ಕೋಪ್ ಕಂಡುಹಿಡಿದ ಫ್ರಾನ್ಸಿನ ವೈದ್ಯ ಲೆನೆಕ್ ಕಾಗದ ಸುತ್ತಿ ಎದೆಬಡಿತ ಕೇಳಿದ್ದು 1816ರಲ್ಲಿ. "ಸ್ಟೆತಸ್ಕೋಪಿಗಿಂತ ಬೆರಳು 55 ವರ್ಷ ಹಿರಿದು ಕಣ್ರೋ" ಅನ್ನುತ್ತಿದ್ದರು.

ಸೀನಿಯರ್‌ಗಳು ನಮಗೆ ಗುಟ್ಟಾಗಿ ಚೀಟಿ ಕೊಡುತ್ತಿದ್ದರು. ಯಾವ ಬೆಡ್, ಯಾವ ಕಾಯಿಲೆ ಅಂತ. 7ನೇ ಬೆಡ್ಡಿಗೆ ಮೈಟ್ರಲ್ ಸ್ಟೆನೋಸಿಸ್, ಅಂದರೆ ಹೃದಯದ ಒಂದು ಕವಾಟ ಕಿರಿದಾಗುವ ಕಾಯಿಲೆ, ಎಂದಿತ್ತು. ರೋಗಿಯನ್ನು ನೋಡದೆಯೇ ಹಾಸ್ಟೆಲಿನಲ್ಲಿ ಕೇಸ್ ಬರೆದೆ. ಬೆಳಿಗ್ಗೆ ರೌಂಡ್ಸಿನಲ್ಲಿ ಹೃದಯದ ಮರ್ಮರ್, ಅಂದರೆ ಅಸಹಜ ಸದ್ದು, ಹೇಗೆ ಗುಡುಗುತ್ತಿದೆ ಎಂದು ವರ್ಣಿಸಿದೆ. ರಾತ್ರಿ ರೋಗಿಯೇ ಬದಲಾಗಿದ್ದರು! ಅವರಿಗಿದ್ದದ್ದು ಎದೆಯಲ್ಲಿ ನೀರು.

ಮೇಷ್ಟ್ರು ಬೈಯಲಿಲ್ಲ. ಒಂದು ಸ್ಟೂಲ್ ಎಳೆದು ಕೊಟ್ಟರು. "ಇವರ ಕ್ಷಮೆ ಕೇಳು. ಆಮೇಲೆ ತಟ್ಟಿ ನೋಡಪ್ಪ" ಅಂದರು. ಮೇಲಿನಿಂದ ತಟ್ಟುತ್ತಾ ಬಂದೆ. ಟೊಳ್ಳು ಸದ್ದು, ಟೊಳ್ಳು ಸದ್ದು, ಒಮ್ಮೆಗೇ ಕಲ್ಲು ತಟ್ಟಿದ ಹಾಗೆ. ನೀರಿನ ಆ ಗಡಿ ಸಿಕ್ಕಾಗ ಮೈ ಜುಮ್ಮೆಂದಿತು. ನಾನು ಡಾಕ್ಟರಾದದ್ದು ಅವತ್ತೇ ಅಂತ ಈಗಲೂ ಅನಿಸುತ್ತದೆ.

ಈಗ ಸೂಜಿ ಚುಚ್ಚುವುದನ್ನು ಮೊದಲು ಬೊಂಬೆಯ ಮೇಲೆ ಕಲಿಸುತ್ತಾರೆ. ತುಂಬಾ ಒಳ್ಳೆಯದು. ನಾವು ಕಲಿಯುವಾಗ ಎಷ್ಟು ರೋಗಿಗಳಿಗೆ ನೋವು ಕೊಟ್ಟೆವೋ! ಆದರೆ ಸ್ಕ್ಯಾನ್ ಬರುವವರೆಗೂ ಹಾಸಿಗೆಯ ಹತ್ತಿರ ಹೋಗದ ಹುಡುಗರನ್ನು ಕಂಡರೆ ಬೇಜಾರಾಗುತ್ತದೆ. ನಾನು ಇವತ್ತಿಗೂ ಎಕ್ಸ್‌ರೇಗೆ ಮುಂಚೆಯೇ ನೀರಿನ ಮಟ್ಟಕ್ಕೆ ಪೆನ್ನಿನಲ್ಲಿ ಗೆರೆ ಎಳೆಯುತ್ತೇನೆ. ತಪ್ಪುವುದು ಕಡಿಮೆ. ಹೆಮ್ಮೆಯಿಂದಲೇ ಹೇಳುತ್ತೇನೆ.

ಕೊನೆಯ ಸಲ ನೋಡಲು ಹೋದಾಗ ಮೇಷ್ಟ್ರು ತುಂಬಾ ಸೊರಗಿದ್ದರು. ಅಂಗಿ ಬಿಚ್ಚಿ, ನನಗೆ ಬೆನ್ನು ಕೊಟ್ಟು ಕೂತರು.

"ತಟ್ಟಿ ನೋಡಪ್ಪ."

ತಟ್ಟಿದೆ. ಬಲಗಡೆ, ಕೆಳಗೆ, ಅದೇ ಕಲ್ಲು.

"ಎಲ್ಲಿವರೆಗೆ?"

ಬೆರಳಿಟ್ಟು ತೋರಿಸಿದೆ.

"ಸರಿಯಾಗಿದೆ. ಮಣಿಕಟ್ಟು ಇನ್ನೂ ಸ್ವಲ್ಪ ಸಡಿಲ ಬಿಡು" ಅಂದರು.