ಮಲೆನಾಡಿನ ಜಮೀನು: ಪಹಣಿಯಲ್ಲಿ ಎಷ್ಟು, ಬೇಲಿಯೊಳಗೆ ಎಷ್ಟು?

"ಪಹಣಿಯಲ್ಲಿ ಮೂರು ಎಕರೆ, ಅನುಭೋಗದಲ್ಲಿ ಏಳು." ಸಾಗರ, ಶಿರಸಿ, ತೀರ್ಥಹಳ್ಳಿ ಕಡೆ ಜಮೀನು ತೋರಿಸುವವರ ಬಾಯಲ್ಲಿ ಮೊದಲು ಬರುವ ಮಾತು ಇದು. ಬೆಲೆಯನ್ನು ಏಳು ಎಕರೆಯ ಲೆಕ್ಕದಲ್ಲಿ ಹೇಳುತ್ತಾರೆ, ನೋಂದಣಿಯಾಗುವುದು ಮಾತ್ರ ಮೂರಕ್ಕೆ. ಉಳಿದ ನಾಲ್ಕು ಎಕರೆ ಏನು ಅನ್ನುವುದು ತಿಳಿಯುವವರೆಗೂ ಮುಂಗಡದ ಮಾತೇ ಆಡಬೇಡಿ.

ಆ ನಾಲ್ಕು ಎಕರೆ ಸೊಪ್ಪಿನಬೆಟ್ಟವಾಗಿರಬಹುದು. ಉತ್ತರ ಕನ್ನಡದಲ್ಲಿ ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆವರೆಗೂ ಬೆಟ್ಟ ಬಿಟ್ಟುಕೊಟ್ಟ ಪದ್ಧತಿ ಹಳೆಯದು. ಅಲ್ಲಿ ತೋಟಿಗನಿಗೆ ಇರುವುದು ಸೊಪ್ಪು, ದರಕು (ಒಣಗಿದ ಎಲೆ) ತರುವ ಸವಲತ್ತು ಅಷ್ಟೇ. ಭೂಮಿ ಸರ್ಕಾರದ್ದು. ದಕ್ಷಿಣ ಕನ್ನಡದ ಕುಮ್ಕಿಯ (ಹಿಡುವಳಿಗೆ ತಾಗಿದ ಸರ್ಕಾರಿ ಜಾಗ) ಕಥೆಯೂ ಇದೇ. ಇಲ್ಲವೇ ಅದು ಅನುಮತಿಯಿಲ್ಲದೆ ಸರ್ಕಾರಿ ನೆಲ ಉಳುವ ಬಗರ್‌ಹುಕುಂ ಒತ್ತುವರಿಯಾಗಿರಬಹುದು. ಸಕ್ರಮಕ್ಕೆ ಅರ್ಜಿ ಹಾಕಿದ ಸ್ವೀಕೃತಿ ಚೀಟಿಯನ್ನೇ ಹಕ್ಕುಪತ್ರ ಎಂಬಂತೆ ತೋರಿಸುವವರಿದ್ದಾರೆ. ಸಾಗುವಳಿ ಚೀಟಿ ಬಂದು, ಪಹಣಿಯಲ್ಲಿ ಹೆಸರು ಕೂರುವ ತನಕ ಅದು ಅರ್ಜಿ ಮಾತ್ರ. ಇವೆಲ್ಲಕ್ಕಿಂತ ತೊಡಕಿನದು ಕರ್ನಾಟಕ ಅರಣ್ಯ ಕಾಯ್ದೆ, 1963ರ ಸೆಕ್ಷನ್ 4ರಡಿ ಮೀಸಲು ಅರಣ್ಯ ಮಾಡುವ ಉದ್ದೇಶದ ಅಧಿಸೂಚನೆಯಾಗಿ, ಸೆಕ್ಷನ್ 17ರ ಅಂತಿಮ ಆದೇಶ ಬಾರದೆ ನಿಂತ ಜಾಗ. ಸರ್ವೆ ನಂಬರ್ ಬರೆದುಕೊಂಡು ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ಲಿಖಿತವಾಗಿಯೇ ವಿಚಾರಿಸಿ. ಬಾಯಿಮಾತಿನ ಭರವಸೆ ಸಾಲದು.

ಈಗ ಪಹಣಿ. 3ನೇ ಕಾಲಂನಲ್ಲಿ ಒಟ್ಟು ವಿಸ್ತೀರ್ಣದ ಕೆಳಗೆ ಖರಾಬು (ಅ), ಖರಾಬು (ಬ) ಎಂದು ಎರಡು ಸಾಲು ಇರುತ್ತವೆ. ‘ಅ’ ಅಂದರೆ ಕೃಷಿಗೆ ಒಗ್ಗದ, ಆದರೆ ಹಿಡುವಳಿಗೇ ಸೇರಿದ ನೆಲ. ‘ಬ’ ಅಂದರೆ ಹಳ್ಳ, ದಾರಿ, ಸ್ಮಶಾನದಂಥ ಸಾರ್ವಜನಿಕ ಬಳಕೆಯದು. 3 ಎಕರೆ 20 ಗುಂಟೆಯಲ್ಲಿ 12 ಗುಂಟೆ ‘ಬ’ ಖರಾಬಿದ್ದರೆ ನಿಮಗೆ ಸಿಗುವುದು 3 ಎಕರೆ 8 ಗುಂಟೆ. ಎಕರೆಗೆ 40 ಗುಂಟೆ, ಗುಂಟೆಗೆ 1,089 ಚದರಡಿ. 12 ಗುಂಟೆ ಅಂದರೆ ಹದಿಮೂರು ಸಾವಿರ ಚದರಡಿ ಚಿಲ್ಲರೆ, ಒಂದು ಮನೆ, ಅಂಗಳ, ಕೊಟ್ಟಿಗೆ ಎಲ್ಲ ಹಿಡಿಸುವಷ್ಟು ಜಾಗ. ಮಾಲೀಕರ ಹೆಸರು 9ರಲ್ಲಿ, ಅದು ಹೇಗೆ ಬಂತು ಎಂಬುದು 10ರಲ್ಲಿ, ಸಾಲ ಮತ್ತು ಇತರ ಋಣ 11ರಲ್ಲಿ. ಈ ಮೂರನ್ನೂ ಒಟ್ಟಿಗೆ ಓದಬೇಕು.

ಪಹಣಿಯ ಅಂಕಿಯನ್ನು ಸರ್ವೆ ಇಲಾಖೆಯ ಮೂಲ ವಿಸ್ತೀರ್ಣದ ದಾಖಲೆಯಾದ ಆಕಾರ್‌ಬಂದ್ ಜೊತೆ ತಾಳೆ ನೋಡಿ. ಎರಡೂ ಹೊಂದದಿದ್ದರೆ ಸರಿಪಡಿಸಿಕೊಡುವುದು ಮಾರುವವರ ಕೆಲಸ, ಅದೂ ಕ್ರಯಪತ್ರಕ್ಕೆ ಮುಂಚೆ. ಒಂದೇ ನಂಬರಿನಲ್ಲಿ ಐದಾರು ಜನರ ಹೆಸರಿದ್ದು ಪೋಡಿ (ಪಾಲು ಅಳೆದು ಬೇರೆ ನಂಬರ್ ಕೊಡುವುದು) ಆಗಿಲ್ಲವೆಂದರೆ, ಯಾರ ಪಾಲು ಯಾವ ಮೂಲೆಗೆ ಎಂಬುದು ಕಾಗದದಲ್ಲಿ ಎಲ್ಲೂ ಇಲ್ಲವೆಂದೇ ಅರ್ಥ. ಭಾಗಶಃ ಮಾರಾಟಕ್ಕೆ, ಮಾರುವ ಭಾಗವನ್ನು ಗುರುತಿಸಿದ 11ಇ ನಕ್ಷೆ ಬೇಕೇ ಬೇಕು. ಜೊತೆಗೆ ಹದ್ದುಬಸ್ತಿಗೆ ಅರ್ಜಿ ಹಾಕಿಸಿ. ಅಕ್ಕಪಕ್ಕದವರಿಗೆ ನೋಟಿಸ್ ಹೋಗಿ, ಅವರೆದುರೇ ಅಳತೆಯಾಗಿ ಗಡಿಕಲ್ಲು ನಿಂತರೆ ಮುಂದಿನ ಅರ್ಧ ಜಗಳ ಅಲ್ಲಿಗೇ ಮುಗಿಯುತ್ತದೆ.

ಋಣಭಾರ ಪತ್ರವನ್ನು ಮೂವತ್ತು ವರ್ಷದ್ದು ತೆಗೆಸಿ, ಆದರೆ ಅದೊಂದನ್ನೇ ನಂಬಿ ಕೂರಬೇಡಿ. ಅದರಲ್ಲಿ ಕಾಣುವುದು ನೋಂದಣಿಯಾದ ವ್ಯವಹಾರ ಮಾತ್ರ. ಬಾಯಿಮಾತಿನ ಪಾಲು, ಪೌತಿ ಖಾತೆ (ಸತ್ತವರಿಂದ ವಾರಸುದಾರರ ಹೆಸರಿಗೆ ಬಂದದ್ದು), ನೋಂದಣಿಯಾಗದ ಕರಾರು, ಕೋರ್ಟಿನಲ್ಲಿರುವ ದಾವೆ ಅದರಲ್ಲಿ ಕಾಣದೇ ಹೋಗಬಹುದು. ಮ್ಯುಟೇಶನ್ (ಪಹಣಿಯಲ್ಲಿ ಹೆಸರು ಬದಲಾದ ದಾಖಲೆ) ಪ್ರತಿಗಳನ್ನು ಹಿಂದಕ್ಕೆ ಹಿಂದಕ್ಕೆ ಓದುತ್ತಾ ಹೋಗಿ. ಮೂಲ ಮಂಜೂರಾತಿ ಪರಿಶಿಷ್ಟ ಜಾತಿ ಅಥವಾ ಪಂಗಡದವರಿಗೆ ಆಗಿದ್ದರೆ ಅಂಥ ಜಮೀನಿನ ಪರಭಾರೆ ನಿಷೇಧಿಸುವ 1978ರ ಪಿಟಿಸಿಎಲ್ ಕಾಯ್ದೆ ಅನ್ವಯಿಸುತ್ತದೆ. ಸರ್ಕಾರದ ಅನುಮತಿಯಿಲ್ಲದ ಮಾರಾಟ ನಡುವೆ ನಾಲ್ಕು ಕೈ ದಾಟಿದ್ದರೂ ರದ್ದಾಗಬಹುದು. 2023ರ ತಿದ್ದುಪಡಿಯ ನಂತರ ಅಂಥ ಅರ್ಜಿಗೆ ಕಾಲಮಿತಿಯೂ ಇಲ್ಲ. ಪಿತ್ರಾರ್ಜಿತವಾದರೆ ವಂಶವೃಕ್ಷ ಕೇಳಿ, ಹೆಣ್ಣುಮಕ್ಕಳೆಲ್ಲರ ಸಹಿ ಹಾಕಿಸಿ. "ತಂಗಿಯರದ್ದು ತಕರಾರಿಲ್ಲ" ಎಂಬ ಮಾತು ಎಷ್ಟೇ ಪ್ರಾಮಾಣಿಕವಾಗಿರಲಿ, ಸಹಿಗೆ ಸಮ ಅಲ್ಲ. ಕೃಷಿಕರಲ್ಲದವರಿಗೆ ಅಡ್ಡಿಯಾಗಿದ್ದ ಭೂ ಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳು 2020ರಲ್ಲೇ ರದ್ದಾಗಿವೆ. ಹಾಗಾಗಿ ರೈತ ಪ್ರಮಾಣಪತ್ರ ಇಲ್ಲವೆಂದು ಬೇರೆಯವರ ಹೆಸರಿನಲ್ಲಿ ಕೊಳ್ಳುವ ತಪ್ಪು ಮಾಡಬೇಡಿ.

ಜಾಗವನ್ನು ಎರಡು ಸಲ ನೋಡಬೇಕು: ಏಪ್ರಿಲ್‌ನಲ್ಲಿ ನೀರಿಗಾಗಿ, ಜುಲೈನಲ್ಲಿ ದಾರಿಗಾಗಿ. ಹಳ್ಳ ಏಪ್ರಿಲ್‌ನಲ್ಲಿ ಹರಿಯುತ್ತಿದ್ದರೆ ಮೇಲ್ಗಡೆ ಎಷ್ಟು ತೋಟದ ಮೋಟಾರುಗಳು ಅದಕ್ಕೇ ಕೂತಿವೆ ಎಂದು ಹತ್ತಿ ನೋಡಿ ಬನ್ನಿ. ದಾರಿ ಗ್ರಾಮನಕ್ಷೆಯಲ್ಲಿದೆಯೇ ಅಥವಾ ಬರೀ ರೂಢಿಯದ್ದೇ ಎಂದು ಖಚಿತ ಮಾಡಿಕೊಳ್ಳಿ. ಪಕ್ಕದವರ ತೋಟದೊಳಗಿನ ರೂಢಿ ದಾರಿಯಾದರೆ ಉಣುಗೋಲು (ಬೇಲಿಯ ಅಡ್ಡಗೋಲು) ಒಂದು ದಿನ ಬೀಗ ಹಾಕಿದ ಗೇಟಾಗುತ್ತದೆ. ದಾರಿ ಹಕ್ಕನ್ನು ಅವರಿಂದ ಬರೆಸಿ, ನೋಂದಣಿ ಮಾಡಿಸಿಕೊಂಡೇ ಮುಂದುವರಿಯಿರಿ.

ಕೊಂಡ ಮೇಲೆ ನಿಜವಾದ ಕೆಲಸ ಶುರು. ಮಳೆಗೆ ಮುಂಚೆ ತೋಟದ ಕಪ್ಪುಗಳ (ಬಸಿಗಾಲುವೆ) ಹೂಳು ತೆಗೆಸಬೇಕು. ನೀರು ನಿಂತರೆ ಅಡಿಕೆಯ ಬೇರು ಕೊಳೆಯುತ್ತದೆ. ಕೊಳೆರೋಗಕ್ಕೆ ಶೇ. 1ರ ಬೋರ್ಡೋ ದ್ರಾವಣ: 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ, 100 ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಡ್ರಮ್‌ನಲ್ಲಿ 50 ಲೀಟರ್ ನೀರಿಗೆ ಕರಗಿಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯುತ್ತಾ ಕಲಕಬೇಕು. ಕಬ್ಬಿಣದ ಡ್ರಮ್ ಕೂಡದು. ಉಜ್ಜಿದ ಕತ್ತಿಯ ಅಲಗನ್ನು ಒಂದು ನಿಮಿಷ ಅದ್ದಿ ತೆಗೆಯಿರಿ. ಅಲಗಿನ ಮೇಲೆ ಕೆಂಪು ಬಣ್ಣ ಕೂತಿದ್ದರೆ ಹುಳಿ ಉಳಿದಿದೆ, ಸುಣ್ಣ ಸಾಲದು. ಅಲಗು ಹಾಗೇ ಹೊಳೆಯುತ್ತಿದ್ದರೆ ಹೊಡೆಯಬಹುದು. ಮಾಡಿದ ದಿನವೇ ಮುಗಿಸಬೇಕು. ಮೊದಲ ಸುತ್ತು ಮಳೆ ಹಿಡಿಯುವ ಮುನ್ನ, ಎರಡನೆಯದು 40–45 ದಿನಕ್ಕೆ. ಮರ ಹತ್ತಿ ಔಷಧಿ ಹೊಡೆಯುವ ಕೊನೆಗಾರರಿಗೆ ಮೇ ಮೊದಲ ವಾರದಲ್ಲೇ ಹೇಳಿಡಿ. ಮಳೆ ಬಂದ ಮೇಲೆ ಊರಿನ ಎಲ್ಲರೂ ಅವರನ್ನೇ ಕರೆಯುತ್ತಾರೆ.

ಕಾಡುಹಂದಿಗೆ ಸೋಲಾರ್ ಬೇಲಿ ಹಾಕಿಸಿದವರಲ್ಲಿ ಅನೇಕರು ವರ್ಷದೊಳಗೇ "ಪ್ರಯೋಜನ ಇಲ್ಲ" ಅನ್ನುತ್ತಾರೆ. ಕೆಟ್ಟಿರುವುದು ಬಹುಪಾಲು ಅರ್ಥಿಂಗ್. ಆರಡಿಯ ಮೂರು ರಾಡುಗಳನ್ನು ಹತ್ತಡಿ ಅಂತರದಲ್ಲಿ, ತೇವ ಇರುವ ಜಾಗದಲ್ಲಿ ಇಳಿಸಬೇಕು. ಜಂಬಿಟ್ಟಿಗೆ ನೆಲ ಮಾರ್ಚ್‌ಗೆ ಒಣಗಿ ಕಲ್ಲಾದಾಗ ಒಂದೇ ರಾಡಿನ ಬೇಲಿ ಹಂದಿಗೆ ಚುರುಕ್ ಅನಿಸುವುದೇ ಇಲ್ಲ. ಕೆಳಗಿನ ತಂತಿ ನೆಲದಿಂದ ಎಂಟು–ಒಂಬತ್ತು ಇಂಚಿನಲ್ಲಿರಲಿ, ಹಂದಿ ನುಗ್ಗುವುದು ಮೂಗಿನಿಂದ. ಆದರೆ ಮಳೆಗಾಲದಲ್ಲಿ ಅದೇ ತಂತಿಗೆ ಹುಲ್ಲು ತಾಗಿ ವಿದ್ಯುತ್ ಸೋರುತ್ತದೆ, ಹದಿನೈದು ದಿನಕ್ಕೊಮ್ಮೆ ಸವರಲೇಬೇಕು. ಬೇಲಿಯ ಕೊನೆಯ ತುದಿಯಲ್ಲಿ ಮೀಟರ್ ಹಿಡಿದು ನೋಡಿ. 4,000 ವೋಲ್ಟ್‌ಗಿಂತ ಇಳಿದಿದ್ದರೆ ಸೋರಿಕೆ ಹುಡುಕಿ. ಮನೆಯ ಕರೆಂಟನ್ನು ನೇರ ಬೇಲಿಗೆ ಕೊಡುವುದು ಮಾತ್ರ ಯಾವ ಕಾರಣಕ್ಕೂ ಬೇಡ. ಅದು ಅಪರಾಧ. ಆನೆ, ದನ, ಮಕ್ಕಳು ಯಾರೆಂದು ಆ ತಂತಿ ನೋಡುವುದಿಲ್ಲ.

ಕೋವಿಯ ಆಸೆಯಿಂದ ಕಾಡಂಚಿನ ಜಾಗ ಹುಡುಕುವವರಿಗೆ ನೇರ ಮಾತು: 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಈಗ ಸ್ವಂತ ಜಮೀನಿನಲ್ಲೂ ಶಿಕಾರಿಗೆ ಅವಕಾಶವಿಲ್ಲ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ (ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಕೋವಿ ಪರವಾನಗಿಯಿಂದ ವಿನಾಯಿತಿ ಇದೆ, 2019ರಲ್ಲಿ ಅದನ್ನು 2029ರವರೆಗೆ ವಿಸ್ತರಿಸಿದ್ದಾರೆ. ಅದು ಕೋವಿ ಇಟ್ಟುಕೊಳ್ಳಲು, ಆಯುಧಪೂಜೆಯ ಹಬ್ಬವಾದ ಕೈಲ್‌ಪೊಳ್ದ್‌ನಲ್ಲಿ ಪೂಜಿಸಲು. ಬೇಟೆಗೆ ಅಲ್ಲ. ಜಾಗ ಕೊಂಡವರಿಗೆ ಆ ವಿನಾಯಿತಿ ವರ್ಗವಾಗುವುದೂ ಇಲ್ಲ. ಬೆಳೆ ಹಾಳಾದರೆ ಫೋಟೋ ತೆಗೆದು ಪಹಣಿ ಸಮೇತ ಅರಣ್ಯ ಇಲಾಖೆಗೆ ಪರಿಹಾರಕ್ಕೆ ಅರ್ಜಿ ಕೊಡಿ. ಪಹಣಿ ಇಲ್ಲದ ಆ ನಾಲ್ಕು ಎಕರೆಗೆ ಅದೂ ಕಷ್ಟ.

ಬೇಸಿಗೆ ರಜೆಗೆ ಮಕ್ಕಳನ್ನು ಕರೆತರುವವರು ಮಂಗನ ಕಾಯಿಲೆಯ ನೆನಪಿಟ್ಟುಕೊಳ್ಳಿ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಈ ರೋಗ ಉಣುಗಿನಿಂದ (ಉಣ್ಣೆ) ಹರಡುತ್ತದೆ, ನವೆಂಬರ್‌ನಿಂದ ಮೇವರೆಗೆ ಹೆಚ್ಚು. ದರಕಿನ ರಾಶಿಯ ಮೇಲೆ ಕೂರಿಸಬೇಡಿ, ಕಾಡಿಗೆ ಹೋಗುವಾಗ ಉಣುಗು ಹತ್ತದಂತೆ ತಡೆಯುವ, ಆರೋಗ್ಯ ಇಲಾಖೆಯ ಡೇಪಾ ಎಣ್ಣೆ ಕೈಕಾಲಿಗೆ ಹಚ್ಚಿ, ಬಂದ ಕೂಡಲೇ ಬಿಸಿನೀರಿನ ಸ್ನಾನ. ಹತ್ತಿರದಲ್ಲಿ ಸತ್ತ ಮಂಗ ಕಂಡರೆ ಮುಟ್ಟದೆ ಆಸ್ಪತ್ರೆಗೆ ತಿಳಿಸಿ.

ಭೂಮಿ ಹುಣ್ಣಿಮೆಯ ಹೊತ್ತಿಗೆ ಮಳೆ ಹಿಂದಾಗಿರುತ್ತದೆ. ಮಟ್ಟಿ ಬೆಳೆದು ಗಡಿ ಮುಚ್ಚಿಹೋಗಿರುತ್ತದೆ. ಪೂಜೆಗೆ ಮನೆಮಂದಿ ಸೇರಿದಾಗಲೇ ನಕ್ಷೆ ಹಿಡಿದು ಸುತ್ತ ಒಂದು ಸಲ ನಡೆಯಿರಿ. ಪ್ರತಿ ಗಡಿಕಲ್ಲಿನ ಬುಡ ಸವರಿ, ಸುಣ್ಣ ಬಳಿದು, ಅಕ್ಕಪಕ್ಕದ ಮರ ಕಾಣುವಂತೆ ಫೋಟೋ ತೆಗೆದಿಡಿ. ಕಲ್ಲು ಜರುಗಿದ್ದರೆ ನೀವೇ ಎತ್ತಿ ನೆಡಬೇಡಿ, ಪಕ್ಕದವರಿಗೆ ಹೇಳಿ, ಮತ್ತೆ ಹದ್ದುಬಸ್ತಿಗೆ ಅರ್ಜಿ ಕೊಡಿ.